ಇಪ್ಪತ್ತೈದನೇ ಗುಂಡಿನವರೆಗೆ

ನಿಪ್ಪಾಣಿಯ ಹಳೆಯ ತಂಬಾಕು ಗೋದಾಮು ಈಗ ಶೂಟಿಂಗ್ ರೇಂಜ್. ಗುರುವಾರ ಬೆಳಗಿನ ಐದೂಮುಕ್ಕಾಲಿಗೆ ಅಕ್ಕುತಾಯಿ ಕಸಬರಿಗೆಯನ್ನು ಗೋಡೆಗೆ ಆನಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಏರಿಸುತ್ತಾರೆ. ಹತ್ತು ಮೀಟರ್ ಆಚೆ ಗುರಿಯ ಕಾರ್ಡು. ಕೈಯಲ್ಲಿ ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಹೊಸ ಏರ್ ರೈಫಲ್. ನಳಿಕೆ ಮಡಚಿ ಸ್ಪ್ರಿಂಗ್ ಎಳೆಯಲು ಅದನ್ನು ತೊಡೆಗೆ ಒತ್ತಿ ಹಿಡಿಯಬೇಕು. ಇಲ್ಲಿರುವ ಉಳಿದ ಒಂಬತ್ತು ರೈಫಲ್‌ಗಳಲ್ಲಿ ಯಾವುದಕ್ಕೂ ಇಷ್ಟು ಬಲವಿಲ್ಲ. ಮೊದಲ ಗುಂಡು ಹಾರಿದಾಗ ತಗಡಿನ ಮಾಡಿನ ಕೆಳಗಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಏಳುತ್ತವೆ.

"ಎಮ್ಮಿ ಒದ್ದಂಗ ಒದೀತೈತಿ," ಎಂದು ಭುಜ ತಿಕ್ಕಿಕೊಂಡು ಎರಡನೆಯದನ್ನು ತುಂಬುತ್ತಾರೆ.

ಐವತ್ತನಾಲ್ಕು ವರ್ಷದ ಅಕ್ಕುತಾಯಿ ದಾಖಲೆಯಲ್ಲಿ ಕಸ ಗುಡಿಸುವವರು. ಆದರೆ ಇಲ್ಲಿ ಕಲಿಯುವ ಇಪ್ಪತ್ತೆರಡು ಮಂದಿಯಲ್ಲಿ ಯಾರ ಕೈಗೂ ಇವರು ಹೊಡೆದು ನೋಡದ ರೈಫಲ್ ಹೋಗುವುದಿಲ್ಲ. ದಿನಕ್ಕೆ ಎರಡು ರೈಫಲ್, ಪ್ರತಿಯೊಂದಕ್ಕೂ ಇಪ್ಪತ್ತೈದು ಗುಂಡು. ಬಳಿಕ ಗುರಿಯ ಹಿಂದಿನ ತಗಡಿನಡಿ ಬಿದ್ದ ಸೀಸದ ಚೂರು ಬಳಿದು, ಸಾಬೂನಿನಿಂದ ಎರಡು ಸಲ ಕೈ ತೊಳೆದ ಮೇಲೆಯೇ ಚಹಾ.

ಹೊಸ ರೈಫಲ್ ಬೇಡಕಿಹಾಳದ ಕಬ್ಬು ಬೆಳೆಗಾರ ಭೀಮಗೊಂಡ ಅವರ ಕೊಡುಗೆ. ಭಾನುವಾರ ರಾಜ್ಯ ಕಿರಿಯರ ತಂಡದ ಆಯ್ಕೆ ಸ್ಪರ್ಧೆ. ಅಥಣಿ ತಾಲ್ಲೂಕಿನ ಅನಂತಪುರದ ಕುರಿಗಾರರ ಮನೆಯ ಕೋಮಲ, ಹತ್ತೊಂಬತ್ತು ವರ್ಷ, ಇಲ್ಲಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳಿಗೆ ಇದು ಕೊನೆಯ ಅವಕಾಶ; ಮುಂದಿನ ವರ್ಷ ವಯೋಮಿತಿ ದಾಟುತ್ತದೆ. ನಲವತ್ತು ಗುಂಡಿನ ಆ ಸ್ಪರ್ಧೆಗೆ ಅವಳು ಸವೆದ ನಾಲ್ಕನೇ ನಂಬರಿನ ರೈಫಲ್ ಒಯ್ಯಬೇಕೋ, ಈ ಹೊಸದನ್ನೋ? ತೀರ್ಮಾನ ಅಕ್ಕುತಾಯಿಯವರದು.

ಮೊದಲ ಹತ್ತು ಗುಂಡುಗಳ ತೂತುಗಳೆಲ್ಲ ಹುಣಸೆ ಬೀಜದಷ್ಟು ಜಾಗದೊಳಗೆ ಬಿದ್ದಿವೆ. ಬೆಂಚಿನ ಮೇಲೆ ಕುಳಿತಿದ್ದ ಭೀಮಗೊಂಡ ಚಪ್ಪಾಳೆ ತಟ್ಟುತ್ತಾರೆ.

"ಆತಲ್ಲ ಅಕ್ಕುತಾಯಿ! ಇನ್ನೇನ ಬೀಡಿ ಕಟ್ಟ ಕಟ್ಟತಿ ಏನ?"

"ಹೌದ್ರಿ ಸಾವಕಾರ್ರ, ಕಟ್ಟನ ಕಟ್ಟಾಕತ್ತೀನಿ. ಇನ್ನ ಹದಿನೈದ ಉಳದಾವ. ನೀವು ಚಾ ಕುಡೀರಿ."

ಅದು ಬರೀ ಚೇಷ್ಟೆಯ ಮಾತಲ್ಲ. ಅಕ್ಕುತಾಯಿ ಇಪ್ಪತ್ತಾರು ವರ್ಷ ಬೀಡಿ ಸುತ್ತಿದವರು. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ. ತಪಾಸಣೆಯಲ್ಲಿ ಸಡಿಲವಾದದ್ದು ಸಿಕ್ಕರೆ ಕಾರ್ಖಾನೆಯವರು ಪಕ್ಕಕ್ಕೆ ಎಸೆಯುತ್ತಿದ್ದರು. ಹಾಗೆ ಎಸೆದದ್ದಕ್ಕೆ 'ಛಾಟ' ಎಂದು ಹೆಸರು. ತಂಬಾಕಿನ ಧೂಳಿಗೆ ಕೆಮ್ಮು ಹತ್ತಿದಾಗ ವೈದ್ಯರು ಆ ಕೆಲಸ ಬಿಡಿಸಿದರು. 2018ರಲ್ಲಿ ಇಲ್ಲಿ ಕಸ ಗುಡಿಸಲು ಬಂದರು. ಡಬ್ಬಿಯ ಗುಂಡುಗಳಲ್ಲಿ ಅಂಚು ಬಾಗಿದವನ್ನು ಕಣ್ಣಿಟ್ಟು ನೋಡದೆ ಬೆರಳಿನಿಂದಲೇ ಆರಿಸುವುದನ್ನು ತರಬೇತುದಾರ, ಮಾಜಿ ಸೈನಿಕ ಅಮೋಲ ಗಮನಿಸಿದರು. ರೈಫಲ್ ಹಿಡಿಯುವುದನ್ನು ಕಲಿಸಿದರು. ಪರೀಕ್ಷೆಗೆ ಹತ್ತು ಗುಂಡು ಸಾಕೆಂದು ಹೇಳಿಕೊಟ್ಟವರೂ ಅವರೇ.

2022ರಲ್ಲಿ ಅದೇ ಲೆಕ್ಕದಲ್ಲಿ ಪಾಸಾದ ರೈಫಲ್ ಒಯ್ದ ರೂಪಾಲಿ ಎಂಬ ಹುಡುಗಿಗೆ ಸ್ಪರ್ಧೆಯ ಇಪ್ಪತ್ತೆರಡನೇ ಗುಂಡಿಗೆ ಗುರಿ ನೋಡುವ ಹಿಂಬದಿಯ ಸೈಟ್ ಜಾರಿತು. ಅವಳು ಮತ್ತೆ ರೇಂಜಿಗೆ ಬರಲಿಲ್ಲ.

"ಸರ್ ಹತ್ತ ಸಾಕು ಅಂದ್ರು, ನಾನೂ ಹೂಂ ಅಂದೆ. ಕಟ್ಟಿನ್ಯಾಗ ಹತ್ತ ಬೀಡಿ ನೋಡಿ ಕಳಿಸಿದ್ರ ನಡೀತೈತೇನ್ರಿ? ಗೊತ್ತಿದ್ದೂ ತಪ್ಪ ಮಾಡಿದೆ. ಆ ಹುಡುಗಿ ಅತ್ತಿದ್ದು ಇನ್ನೂ ಕಿವ್ಯಾಗ ಐತಿ," ಎನ್ನುತ್ತಾರೆ ಅಕ್ಕುತಾಯಿ. ಅಂದಿನಿಂದ ಇಪ್ಪತ್ತೈದಕ್ಕೆ ಒಂದೂ ಕಡಿಮೆಯಿಲ್ಲ.

ಗುರುವಾರ ಹದಿನೆಂಟನೇ ಗುಂಡು ಕೂದಲೆಳೆಯಷ್ಟು ಎಡಕ್ಕೆ ಸರಿಯುತ್ತದೆ. ಇಪ್ಪತ್ತೊಂದನೆಯದು ಇನ್ನಷ್ಟು. ಇಪ್ಪತ್ತೈದನೆಯದು ಕಪ್ಪು ವೃತ್ತದ ಅಂಚಿಗೆ.

"ನಿನ್ನ ರಟ್ಟಿ ಸೋತಾವಬೇ," ಭೀಮಗೊಂಡ ನಗುತ್ತಾರೆ. "ಬಂದೂಕ ಏನ ಮಾಡೀತು?"

"ಇರಬಹುದ್ರಿ. ಅಮೋಲ ಸರ್, ನೀವ ಹೊಡೀರಿ ಹಂಗಾರ."

ಅಮೋಲ ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಐದು ಹೊಡೆಯುತ್ತಾರೆ. ಐದೂ ಅದೇ ಎಡಕ್ಕೆ. ಅಕ್ಕುತಾಯಿ ಹಿಡಿಕೆಯ ಕೆಳಗಿನ ಸ್ಕ್ರೂ ಮೇಲೆ ಬೆರಳಿಡುತ್ತಾರೆ. ಅದು ಸುಮ್ಮನೆ ತಿರುಗುತ್ತದೆ. ರೈಫಲಿನ ಬಲವೇ ಒದೆತಕ್ಕೊಮ್ಮೆ ಅದನ್ನು ಸಡಿಲಿಸಿತ್ತು. ಬಿಗಿ ಮಾಡಿ ಮಧ್ಯಾಹ್ನ ಇನ್ನೊಂದು ಕಟ್ಟು. ಹತ್ತೊಂಬತ್ತನೆಯದಕ್ಕೆ ಮತ್ತೆ ಅದೇ.

"ಛಾಟ," ಎಂದು ಅಕ್ಕುತಾಯಿ ಬೀಡಿ ಕಟ್ಟುವ ದಾರವನ್ನು ನಳಿಕೆಗೆ ಸುತ್ತುತ್ತಾರೆ. ಆ ದಾರ ಇರುವ ರೈಫಲನ್ನು ಇಲ್ಲಿ ತರಬೇತುದಾರರೂ ಮುಟ್ಟುವುದಿಲ್ಲ.

ಭೀಮಗೊಂಡ ಎದ್ದು ನಿಲ್ಲುತ್ತಾರೆ. "ಪೂಜಾ ಮಾಡಿಸಿ ತಂದೀನಿ ಇದನ್ನ! ಭಾನುವಾರ ನಮ್ಮ ಊರ ಮಂದಿಯೆಲ್ಲ ನೋಡಾಕ ಹೊಂಟಾರ."

"ಪೂಜಾ ಛಲೋ ಆಗೈತ್ರಿ. ಸ್ಕ್ರೂ ಕೆಟ್ಟೈತಿ," ಎಂದು ಅಕ್ಕುತಾಯಿ ಕೈ ತೊಳೆಯಲು ಹೋಗುತ್ತಾರೆ.

ಭಾನುವಾರ ಕೋಮಲ ಒಯ್ದದ್ದು ನಾಲ್ಕನೇ ನಂಬರು. ನಾಲ್ಕು ನೂರಕ್ಕೆ 372. ಕೊನೆಯ ಹತ್ತು ಗುಂಡಿಗೆ 95. ರಾಜ್ಯ ತಂಡದ ಪಟ್ಟಿಯಲ್ಲಿ ಅವಳದು ಐದನೇ ಹೆಸರು.

"ಮೂವತ್ತೊಂದನೇದು ಬಾಜೂಕ ಹೋತ್ರಿ," ಎನ್ನುತ್ತಾಳೆ, ಅಕ್ಕುತಾಯಿಯನ್ನು ಚಿಕ್ಕಮ್ಮನೆಂಬಂತೆ 'ಮಾವಶಿ' ಎಂದು ಕರೆಯುವ ಕೋಮಲ. "ಬ್ಯಾರೇ ಹುಡುಗ್ಯಾರಾದ್ರ ಸೈಟ್ ತಿರುಗಸ್ತಾರ. ನಾ ಮುಟ್ಟಲಿಲ್ಲ. ಮಾವಶಿ ನೋಡ್ಯಾಳ ಅಂದ್ರ ತಪ್ಪ ನಂದ. ಉಸಿರ ಸರಿ ಮಾಡ್ಕೊಂಡೆ, ಬಸ್."

ಬುಧವಾರ ಭೀಮಗೊಂಡ ಸ್ಕ್ರೂ ಬದಲಿಸಿದ ರೈಫಲ್ ಹೊತ್ತು ಮತ್ತೆ ಬಂದಿದ್ದಾರೆ. ಈ ಸಲ ಬೆಂಚಿನ ಮೇಲೆ ಕುಳಿತು ಮೆಲ್ಲಗೆ ಎಣಿಸುತ್ತಾರೆ. ಇಪ್ಪತ್ತೈದೂ ಒಂದೇ ಕಡೆ. ಅಕ್ಕುತಾಯಿ ನಳಿಕೆಗೆ ಸುತ್ತಿದ್ದ ದಾರ ಕತ್ತರಿಸುತ್ತಾರೆ.

"ಏಳನೇ ಇಯತ್ತೆ ಪರೀಕ್ಷಾದಾಗೂ ಇಷ್ಟ ಅಂಜಿದ್ದಿಲ್ಲ ನಾ," ಎಂದು ಭೀಮಗೊಂಡ ಬೆವರು ಒರೆಸಿಕೊಳ್ಳುತ್ತಾರೆ.

ಪರೀಕ್ಷೆಯ ಕಾರ್ಡುಗಳು ಅದೇ ಬೀಡಿ ದಾರದಲ್ಲಿ ಕಟ್ಟುಕಟ್ಟಾಗಿ ಮೂಲೆಯ ಕಪಾಟಿನಲ್ಲಿವೆ. ಪ್ರತಿ ಕಾರ್ಡಿನ ಮೇಲೆ ರೈಫಲಿನ ನಂಬರು, ತಾರೀಖು. ಹೊಡೆದವರ ಹೆಸರಿಲ್ಲ. ಕೋಮಲ ಪೆನ್ನು ಹಿಡಿದು, ಒಂದರ ಮೇಲಾದರೂ ಬರೆಯುತ್ತೇನೆ ಎಂದರೆ ಅಕ್ಕುತಾಯಿ ಕಾರ್ಡು ಕಸಿದುಕೊಳ್ಳುತ್ತಾರೆ.

"ನನ್ನ ಹೆಸರ ಯಾಕ ಬೇಕಬೇ? ನೀ ಅಲ್ಲಿ ನಿಂತಾಗ ಬಂದೂಕ ನೋಡಬಾರದು, ಗುರಿ ಅಷ್ಟ ನೋಡಬೇಕು. ಬಂದೂಕ ನಾ ನೋಡೀನಿ."