ಎರಡನೆಯ ಸಲ ಕೇಳದವರು

ಗೋಥೆನ್‌ಬರ್ಗಿನಲ್ಲಿ ಟ್ರಾಮ್ ಲೈನು ಮುಗಿಯುವ ಕಡೆ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಸಂಘದವರು ಕುಟುಂಬ ಕೇಂದ್ರ ನಡೆಸುತ್ತಾರೆ. ಶನಿವಾರ ಯಾರು ಬೇಕಾದರೂ ಮಕ್ಕಳನ್ನು ಕಟ್ಟಿಕೊಂಡು ಬರಬಹುದು. ಕಾಫಿ, ಏಲಕ್ಕಿ ಬನ್ನು ಪುಕ್ಕಟೆ, ಕಷ್ಟ ಹೇಳಿಕೊಂಡರೆ ಕೇಳುವ ಕಿವಿಯೂ ಪುಕ್ಕಟೆ. ನಾನು ಅಲ್ಲಿ ಸ್ವಯಂಸೇವಕಿ. ನಮ್ಮ ಕಡೆಯವರು ಬಂದಾಗ ಅವರ ಕನ್ನಡವನ್ನು ಸ್ವೀಡಿಷಿಗೆ, ಇವರ ಸ್ವೀಡಿಷನ್ನು ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ. ಸೇರಿದ ದಿನವೇ ಕೇಂದ್ರ ನಡೆಸುವಾಕೆ ಒಂದು ನಿಯಮ ಹೇಳಿದ್ದಳು: ಅವರು ಹೇಳಿದ್ದನ್ನಷ್ಟೇ ಹೇಳು, ನಿನ್ನದೇನನ್ನೂ ಸೇರಿಸಬೇಡ. ಬಾಯಿಗೆ ಬೀಗ ಹಾಕಿ ಗೊತ್ತಿಲ್ಲದ ನನ್ನಂಥವಳಿಗೆ ಅದು ಏಕಾದಶಿ ಉಪವಾಸಕ್ಕಿಂತ ಕಷ್ಟದ ವ್ರತ.

ಆ ಚಳಿಗಾಲದಲ್ಲಿ ಅವಳು ಬಂದಳು. ತುಂಬು ಬಸುರಿ, ಕೈ ಹಿಡಿದುಕೊಂಡು ಮೂರು ವರ್ಷದ ಮಗಳು. ತಿಪಟೂರಿನ ಕಡೆಯವಳು, ಮದುವೆಯಾಗಿ ಬೆಂಗಳೂರು, ಅಲ್ಲಿಂದ ಇಲ್ಲಿಗೆ. ಗಂಡ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಅವನ ವರ್ಕ್ ಪರ್ಮಿಟ್ ನವೀಕರಣಕ್ಕೆ ಹಾಕಿದ್ದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಊರಿನಲ್ಲಿ ಅವನ ಅಣ್ಣನಿಗೆ ಅಪಘಾತವಾಯಿತು ಎಂದು ಸುದ್ದಿ ಬಂತು. ಹಿಂದುಮುಂದು ನೋಡದೆ ಹೊರಟುಹೋದ. ಅರ್ಜಿ ಬಾಕಿಯಿರುವಾಗ ದೇಶ ಬಿಟ್ಟರೆ ತೀರ್ಮಾನ ಬರುವ ತನಕ ಒಳಗೆ ಬರುವ ಹಾಗಿಲ್ಲ ಎನ್ನುವುದು ಅವನಿಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ. ಹೆರಿಗೆಯ ದಿನ ಹತ್ತಿರ ಬರುತ್ತಿತ್ತು.

ಹೆರಿಗೆಗೆ ಅವಳು ಹೆದರಿರಲಿಲ್ಲ. ನೋವು ಶುರುವಾದರೆ ಮಗಳನ್ನು ಯಾರ ಕೈಗೆ ಕೊಡುವುದು ಎಂಬುದೊಂದೇ ಅವಳನ್ನು ತಿನ್ನುತ್ತಿತ್ತು. ಹೆರಿಗೆ ಕೋಣೆಯೊಳಗೆ ಮೂರು ವರ್ಷದ ಮಗುವನ್ನು ಬಿಡುವುದಿಲ್ಲ. ಹೊರಗೆ ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ಆಸ್ಪತ್ರೆಯವರು ಕೊಮ್ಮುನ್‌ಗೆ, ಅಂದರೆ ಇಲ್ಲಿನ ನಗರಾಡಳಿತಕ್ಕೆ, ಫೋನು ಮಾಡುತ್ತಾರೆ. ಅವರು ಮಗುವನ್ನು ಕೆಲವು ದಿನಗಳ ಮಟ್ಟಿಗೆ ಗುರುತಿಲ್ಲದ ಮನೆಯೊಂದರಲ್ಲಿ ಇರಿಸುತ್ತಾರೆ. ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ ಈ ಮಾತಿಗೆ ಕೈಕಾಲು ಮೂಡಿ, ‘ಇಲ್ಲಿಯವರು ಮಕ್ಕಳನ್ನೇ ಕಿತ್ತುಕೊಂಡು ಹೋಗುತ್ತಾರೆ’ ಎಂದಾಗಿತ್ತು. ಅವಳು ಅದನ್ನೆಲ್ಲ ಓದಿದ್ದಳು.

ಮೇಜಿನ ಆ ಬದಿ ಕೇಂದ್ರ ನಡೆಸುವಾಕೆ, ಈ ಬದಿ ಅವಳು, ನಡುವೆ ನಾನು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ಆದರೆ ಹೊಟ್ಟೆಯೊಳಗಿನ ಸಂಕಟ ಇಂಗ್ಲಿಷಿನಲ್ಲಿ ಹೊರಬರುವುದಿಲ್ಲ ಎಂದು ಕನ್ನಡವನ್ನೇ ಕೇಳಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡ ಮೇಲೆ ಕೇಂದ್ರದಾಕೆ ನೇರವಾಗಿ ಕೇಳಿದಳು: ನಮ್ಮಲ್ಲಿ ಒಬ್ಬರಿದ್ದಾರೆ, ನೋವು ಬಂದ ಕೂಡಲೇ ನಿನ್ನ ಮನೆಗೆ ಬಂದು ಮಗಳ ಜೊತೆ ಇರುತ್ತಾರೆ, ನಿನಗೆ ಬೇಕಾ? ನಾನು ದಾಟಿಸಿದೆ. ಅವಳು ನಕ್ಕಳು. ಅಯ್ಯೋ ಬೇಡಿ, ನಿಮಗ್ಯಾಕೆ ತೊಂದರೆ, ಹೇಗೋ ನಿಭಾಯಿಸುತ್ತೇನೆ ಎಂದಳು. ಅದನ್ನೂ ದಾಟಿಸಿದೆ. ಕೇಂದ್ರದಾಕೆ ತಲೆಯಾಡಿಸಿ, ಪೆನ್ನು ಕೆಳಗಿಟ್ಟು, ಮನಸ್ಸು ಬದಲಾದರೆ ತಿಳಿಸು ಎಂದು ಎದ್ದಳು. ಅಲ್ಲಿಗೆ ಮುಗಿಯಿತು.

ನನ್ನ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಕಾಫಿ ಕೊಡಲಾ ಎಂದರೆ ಮೊದಲು ಬೇಡ ಎನ್ನುವುದು ಮರ್ಯಾದೆ. ಎರಡನೆಯ ಸಲಕ್ಕೆ ಈಗಷ್ಟೇ ಕುಡಿದು ಬಂದೆ ಎನ್ನಬೇಕು. ಮೂರನೆಯ ಸಲಕ್ಕೆ ಅರ್ಧ ಲೋಟ ಸಾಕು ಎನ್ನಬೇಕು. ಆಮೇಲೆ ತುಂಬಿದ ಲೋಟ ಬರುತ್ತದೆ, ಅದನ್ನು ಕುಡಿದೇ ಏಳಬೇಕು. ಮೊದಲ ಬೇಡವನ್ನೇ ನಂಬಿಕೊಂಡು ಒಳಗೆ ಹೋಗಿಬಿಡುವ ಮನೆಯವರನ್ನು ನಮ್ಮಮ್ಮ ಜೀವಮಾನವಿಡೀ ಆಡಿಕೊಳ್ಳುತ್ತಿದ್ದಳು.

ಅಡುಗೆ ಮೂಲೆಗೆ ಹೋಗಿ ಕೇಂದ್ರದಾಕೆಯನ್ನು ಹಿಡಿದುಕೊಂಡೆ. ದಯವಿಟ್ಟು ಇನ್ನೊಂದು ಸಲ ಕೇಳು, ಅದು ಬೇಡವೆನ್ನುವ ಬೇಡವಲ್ಲ ಎಂದೆ. ಅವಳು ಒಪ್ಪಲಿಲ್ಲ. ಆಕೆ ಮಗುವಲ್ಲ, ಬೇಡ ಎಂದವಳನ್ನು ಮತ್ತೆ ಕೇಳಿದರೆ ಅವಳ ಮಾತಿಗೆ ಬೆಲೆಯಿಲ್ಲ ಎಂದಹಾಗಾಗುತ್ತದೆ, ಇಲ್ಲಿಗೆ ಬರುವ ಎಷ್ಟೋ ಹೆಂಗಸರಿಗೆ ಮನೆಯಲ್ಲಿ ಅದೇ ಆಗಿರುತ್ತದೆ ಎಂದಳು. ಸಿಟ್ಟು ಬಂತು. ಅವಳ ಮಾತಿನಲ್ಲಿ ತಪ್ಪು ಸಿಗಲಿಲ್ಲವೆಂದು ಇನ್ನಷ್ಟು ಸಿಟ್ಟು ಬಂತು. ತಿರುಗಿ ನೋಡಿದರೆ ಆ ಬಸುರಿ ಮಗಳಿಗೆ ಟೋಪಿ ತೊಡಿಸಿ ಹೊರಟೇಹೋಗಿದ್ದಳು.

ಕೋಟನ್ನು ಅರ್ಧ ತೋಳಿಗೆ ಸಿಕ್ಕಿಸಿಕೊಂಡು ಓಡಿದೆ. ಟ್ರಾಮ್ ನಿಲ್ದಾಣದ ಗಾಜಿನ ಮಾಡಿನ ಕೆಳಗೆ ನಿಂತಿದ್ದಳು. ಅಲ್ಲಿಯತನಕ ಅವಳನ್ನು ನೀವು ಎನ್ನುತ್ತಿದ್ದವಳಿಗೆ ಆ ಏದುಸಿರಿನಲ್ಲಿ ಅದು ನೆನಪಾಗಲಿಲ್ಲ.

“ನಿಜವಾಗ್ಲೂ ಬೇಡ್ವಾ ನಿಂಗೆ?”

ಅವಳು ಮಗಳ ಟೋಪಿ ಸರಿಮಾಡಿದಳು. “ಮೊದಲನೇ ಸಲಕ್ಕೇ ಹೂಂ ಅಂದ್ರೆ ಏನಂದ್ಕೋತಾರೆ ಅಕ್ಕ? ಇನ್ನೊಂದ್ಸಲ ಕೇಳ್ತಾರೆ ಅಂತ ಕಾದೆ. ಅವ್ರು ಪೆನ್ ಕೆಳಗಿಟ್ಬಿಟ್ರು. ಸುಮ್ನೆ ಬಾಯಿಮಾತಿಗೆ ಕೇಳಿದ್ದು ಅಂತ ಗೊತ್ತಾಯ್ತು.”

ಬಾಯಿಮಾತಿನ ಅನುಭವ ಅವಳಿಗೆ ಆಗಲೇ ಆಗಿತ್ತು. ಸಂಕ್ರಾಂತಿಗೆ ಸೇರಿದ್ದ ನಮ್ಮವರೆಲ್ಲ ಎಳ್ಳುಬೆಲ್ಲ ಕೊಡುತ್ತ, ಸಂಕೋಚಪಟ್ಟುಕೊಳ್ಳಬೇಡಿ, ಏನೇ ಇದ್ದರೂ ಒಂದು ಫೋನು ಮಾಡಿ ಎಂದಿದ್ದರಂತೆ. ಒಬ್ಬರಿಗಲ್ಲ, ಮೂವರಿಗೆ ಮಾಡಿದಳು. ಒಬ್ಬರ ಮನೆಗೆ ಅತ್ತೆ ಮಾವ ಬರುವವರಿದ್ದರು, ಒಬ್ಬರ ಮಗನಿಗೆ ನೆಗಡಿ, ಇನ್ನೊಬ್ಬರು ನೋಡೋಣ ಎಂದವರು ಆಮೇಲೆ ಫೋನೇ ಎತ್ತಲಿಲ್ಲ. ನಾನೇ ಬರುತ್ತೇನೆ ಎನ್ನೋಣವೆಂದರೆ ನಾನು ಕೆಲಸದ ಮೇಲೆ ಅರ್ಧ ವಾರ ಸ್ಟಾಕ್‌ಹೋಮಿನಲ್ಲಿರುವವಳು. ನಾಲ್ಕನೆಯ ಬಾಯಿಮಾತು ಆಗುವುದು ನನಗೆ ಬೇಕಿರಲಿಲ್ಲ.

ಇಲ್ಲಿಯವರು ಒಂದೇ ಸಲ ಕೇಳುತ್ತಾರೆ, ಆದರೆ ಕೇಳಿದ ಮೇಲೆ ಬರುತ್ತಾರೆ ಎಂದೆ. ಅವಳು ನಂಬಲಿಲ್ಲ. ದನಿ ತಗ್ಗಿಸಿದಳು. “ಹೆಲ್ಪ್ ಬೇಕು ಅಂದ್ರೆ ಬರ್ಕೋತಾರಂತಲ್ಲ. ನಾಳೆ ಕೊಮ್ಮುನ್‌ನೋರು ಬಂದು ಇವಳನ್ನ ಕರ್ಕೊಂಡ್ಹೋದ್ರೆ?”

ಈ ಸಂಘಕ್ಕೂ ಕೊಮ್ಮುನ್‌ಗೂ ಸಂಬಂಧವಿಲ್ಲ ಎಂದೆ. ಯಾರನ್ನೂ ಗೊತ್ತುಮಾಡದೆ ಮಗುವಿನ ಜೊತೆ ಆಸ್ಪತ್ರೆ ಬಾಗಿಲಿಗೆ ಹೋದರೇ ನೀನು ಹೆದರಿದ್ದು ಆಗುವುದು ಎಂದೂ ಹೇಳಿದೆ. ಬಸುರಿಯ ಎದುರು ಆಡುವ ಮಾತಲ್ಲ. ಅವಳ ಮುಖ ಬಿಳಿಚಿಕೊಂಡಿತು. ಟ್ರಾಮ್ ಬಂದು ಬಾಗಿಲು ತೆರೆಯಿತು. ಮಗಳು ಹತ್ತಲು ಕೈ ಜಗ್ಗಿದಳು. ಅವಳು ನಿಂತಲ್ಲೇ ನಿಂತಳು, ಬಾಗಿಲು ಮುಚ್ಚಿಕೊಂಡಿತು.

ನಾವು ವಾಪಸು ಹೋದಾಗ ಕೇಂದ್ರದಾಕೆ ಕಾಫಿ ಫ್ಲಾಸ್ಕು ತೊಳೆಯುತ್ತಿದ್ದಳು. ನೀವೇ ಹೇಳಿ ಅಕ್ಕ ಎಂದು ಇವಳು ನನ್ನ ತೋಳು ಹಿಡಿದಳು. ನಾಲಿಗೆ ತುದಿಗೆ ಬಂದಿತ್ತು. ಆದರೆ ನಾನು ಹೇಳಿದರೆ ಅದು ನನ್ನ ಮಾತಾಗುತ್ತಿತ್ತು. ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಕೇಂದ್ರದಾಕೆ ನಲ್ಲಿ ನಿಲ್ಲಿಸಿ ಕಾದಳು. ಇಲ್ಲಿಯವರಿಗೆ ಮೌನವೆಂದರೆ ಅಂಜಿಕೆಯಿಲ್ಲ, ಎಷ್ಟು ಹೊತ್ತಾದರೂ ನಿಂತಿರುತ್ತಾರೆ.

“ಬೇಕು,” ಎಂದಳು ಅವಳು, ನೆಲ ನೋಡುತ್ತ. “ಯಾರಾದ್ರೂ ಬೇಕು ನಂಗೆ.”

ಅಷ್ಟನ್ನೇ ದಾಟಿಸಿದೆ. ಕೇಂದ್ರದಾಕೆ ಕೈ ಒರೆಸಿಕೊಂಡು ಫೋನು ಎತ್ತಿದಳು.

ಮಗಳ ಜೊತೆ ಇರಲು ಗೊತ್ತಾದದ್ದು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಮೊದಲು ಟ್ರಾಮ್ ಓಡಿಸುತ್ತಿದ್ದವಳು, ಈಗ ಎರಡೂ ಮಂಡಿ ಹಾಳು. ಪರಿಚಯವಾಗಲಿ ಎಂದು ಒಂದೆರಡು ಸಲ ಮನೆಗೂ ಬಂದಳು. ಮಗು ಅವಳನ್ನು ಕಂಡೊಡನೆ ಸೋಫಾದ ಹಿಂದೆ ಅಡಗಿಕೊಂಡಿತು. ಅವಳಿಗೆ ಕನ್ನಡ ಬಾರದು, ಮಗುವಿಗೆ ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕಲಿತ ನಾಲ್ಕು ಸ್ವೀಡಿಷ್ ಪದಗಳು. ಈ ಮಂಡಿನೋವಿನ ಮುದುಕಿ ಸಮಯಕ್ಕೆ ಹೇಗೆ ಬಂದಾಳು ಎಂದು ನನಗೇ ಅಳುಕಿತ್ತು.

ಡಾಕ್ಟರು ಹೇಳಿದ ದಿನಕ್ಕಿಂತ ಮೊದಲೇ ನೋವು ಬಂತು. ಅಂದು ದಾಗಿಸ್‌ಗೆ ರಜೆ. ಮಧ್ಯಾಹ್ನ ನಾನು ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಹಿಂದಿರುಗುತ್ತಿದ್ದೆ. ಕಿಟಕಿಯಾಚೆ ಹಿಮ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವಳ ಫೋನು ಬಂತು. ನೀರು ಹೋಗಿದೆ, ಟ್ಯಾಕ್ಸಿ ಕೆಳಗೆ ನಿಂತಿದೆ, ಅಜ್ಜಿ ಹೊರಟೆ ಎಂದಿದ್ದಾಳೆ, ಆದರೆ ಹಿಮಕ್ಕೆ ಟ್ರಾಮ್ ನಿಂತುಹೋಗಿದೆಯಂತೆ. ಮಾತಿನ ನಡುನಡುವೆ ಹಲ್ಲು ಕಚ್ಚಿ ಸುಮ್ಮನಾಗುತ್ತಿದ್ದಳು.

“ಅಕ್ಕ, ಬರ್ತಾರಾ?”

“ಬರ್ತಾರೆ,” ಎಂದೆ. ಬರುತ್ತಾಳೋ ಇಲ್ಲವೋ ನನಗೇನು ಗೊತ್ತಿತ್ತು! ಅಜ್ಜಿಗೆ ಫೋನು ಮಾಡಿದೆ, ಎತ್ತಲಿಲ್ಲ. ಕೇಂದ್ರಕ್ಕೆ ಮಾಡಿದೆ, ಅವರಿಗೂ ಸಿಕ್ಕಿರಲಿಲ್ಲ. ಮತ್ತೆ ಇವಳಿಗೆ ಮಾಡಿದರೆ, ಇನ್ನು ಆಗುವುದಿಲ್ಲ, ಮಗಳನ್ನು ಕರೆದುಕೊಂಡೇ ಹೋಗುತ್ತೇನೆ, ಆದದ್ದಾಗಲಿ ಎಂದು ಮಗುವಿಗೆ ಚಳಿಬಟ್ಟೆ ತೊಡಿಸುತ್ತಿದ್ದಳು. ಇನ್ನೈದು ನಿಮಿಷ ತಡೆ ಎಂದು ಬೇಡಿಕೊಂಡೆ. ನಮ್ಮಪ್ಪನ ಮನೆದೇವರಿಗೆ ಹರಕೆ ಹೊತ್ತೆ. ಎದುರು ಸೀಟಿನವನು ಹೆಡ್‌ಫೋನು ತೆಗೆದು ನನ್ನನ್ನೇ ನೋಡುತ್ತಿದ್ದ. ಆಗ ಫೋನಿನೊಳಗೆ ಕರೆಗಂಟೆ ಕೇಳಿಸಿತು. ಬಾಗಿಲು ತೆರೆದ ಸದ್ದು, ಯಾರೋ ಜೋರಾಗಿ ಏದುಸಿರು ಬಿಡುವ ಸದ್ದು, ಹಿಂದೆಯೇ ಮಗು ಅಮ್ಮಾ ಎಂದು ಕಿರುಚಿದ್ದು. ಫೋನು ಕಟ್ಟಾಯಿತು.

ಆಮೇಲೆ ಯಾರೂ ಫೋನು ಎತ್ತಲಿಲ್ಲ. ರೈಲು ಎಲ್ಲೆಲ್ಲೋ ನಿಂತು ನಿಂತು ಹೋಯಿತು. ಆ ಹುಡುಗಿ ದಾರಿಯಲ್ಲೇ ಹೆತ್ತಳೇ, ಮಗು ಅತ್ತು ಅತ್ತು ಏನಾಯಿತು, ಬಿದ್ದು ಎದ್ದು ಬಂದ ಮುದುಕಿಗೆ ಎದೆನೋವು ಬಂದರೆ, ಎಂದೆಲ್ಲ ಬೇಡದ್ದೇ ತಲೆಗೆ ಬರುತ್ತಿತ್ತು. ಗೋಥೆನ್‌ಬರ್ಗಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದು ನೇರ ಅವಳ ಮನೆಗೆ ಹೋದೆ. ಗಂಟೆ ಒತ್ತಿದಾಗ ಒಳಗಿನಿಂದ ಬಾಗಿಲು ಹಾಕಿಲ್ಲ ಎಂದು ಅಜ್ಜಿಯ ದನಿ ಬಂತು.

ಬಾಗಿಲ ಬಳಿಯ ಓಣಿಯಂಥ ಜಾಗದಲ್ಲಿ, ಚಪ್ಪಲಿ ಬೂಟುಗಳ ಮಧ್ಯೆ, ಇಬ್ಬರೂ ನೆಲದ ಮೇಲೆ ಕೂತಿದ್ದರು. ಮಗುವಿನ ಮೈಮೇಲೆ ಅಮ್ಮ ತೊಡಿಸಿದ ಚಳಿಬಟ್ಟೆ, ತಲೆಗೆ ಟೋಪಿ, ಕಾಲಿಗೆ ಬೂಟು. ಮುಖವೆಲ್ಲ ಕಣ್ಣೀರಿನ ಗೆರೆ. ಪಕ್ಕದಲ್ಲಿ ಅಜ್ಜಿ, ಅವಳೂ ಕೋಟು ಬೂಟು ಬಿಚ್ಚಿರಲಿಲ್ಲ, ಬೆವರಿಗೆ ಒದ್ದೆಯಾದ ಕೂದಲು ಹಣೆಗಂಟಿತ್ತು. ಟ್ರಾಮ್ ನಿಂತಲ್ಲಿಂದ ನಡೆದೇ ಬಂದಿದ್ದಳಂತೆ, ಗಾಳಿಗೆ ಫೋನು ಕೇಳಿಸಿರಲಿಲ್ಲ. ಹೀಟರಿನ ಈ ಸೆಕೆಯಲ್ಲಿ ಕೋಟೇಕೆ ಎಂದೆ. ಇವಳು ಬಟ್ಟೆ ಬಿಚ್ಚಲು ಬಿಡಲಿಲ್ಲ, ಅಮ್ಮನ ಹತ್ತಿರ ಹೋಗಲು ಕಾಯುತ್ತಿದ್ದಾಳೆ, ಒಬ್ಬಳೇ ಕಾಯುವುದು ಬೇಡ ಎಂದು ನಾನೂ ಕಾಯುತ್ತಿದ್ದೇನೆ ಎಂದಳು ಅಜ್ಜಿ. ಆ ಮಂಡಿಯಲ್ಲಿ, ಆ ನೆಲದಲ್ಲಿ, ಅಷ್ಟು ಹೊತ್ತು.

ಅಷ್ಟರಲ್ಲಿ ನನ್ನ ಫೋನಿಗೆ ಆಸ್ಪತ್ರೆಯಿಂದ ಅವಳ ವಿಡಿಯೋ ಕರೆ ಬಂತು. ಹೆರಿಗೆಯಾಗಿತ್ತು. ಸುಸ್ತಾದ ಮುಖ, ಕೆದರಿದ ಕೂದಲು. ಹುಟ್ಟಿದ್ದು ಏನೆಂದೂ ಹೇಳಲಿಲ್ಲ.

“ಅಜ್ಜಿ ಅವಳ ಜೊತೆನೇ ಇದಾರಾ ಅಕ್ಕ?”

ನಾನು ಫೋನನ್ನು ಆ ಇಬ್ಬರ ಕಡೆ ತಿರುಗಿಸಿದೆ. ಮಗು ಅಮ್ಮನನ್ನು ಕಂಡದ್ದೇ ಎರಡೂ ಕಾಲು ಮುಂದೆ ಚಾಚಿ ತೋರಿಸಿತು.

“ಅಮ್ಮಾ, ಬೂಟ್ ಹಾಕ್ಕೊಂಡಿದೀನಿ. ಅಜ್ಜಿನೂ ಹಾಕ್ಕೊಂಡಿದಾರೆ.”

ಕೇಂದ್ರಕ್ಕೆ ಬಂದ ದಿನದಿಂದ ಅವಳು ಯಾರೆದುರೂ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಬಾಯಿಬಿಟ್ಟು ಅತ್ತಳು, ಎದೆಯ ಮೇಲೆ ಮಲಗಿದ್ದ ಎಳೆಕೂಸಿನ ಮುಖವನ್ನು ನಮಗೆ ತೋರಿಸುವುದನ್ನೂ ಮರೆತು.