ಕೋಟೆ ಪಕ್ಕದ ಕಾಲುದಾರಿ

ಗುಡ್ ಫ್ರೈಡೆಯ ಬೆಳಿಗ್ಗೆ ಏಳಕ್ಕೆ, ಸರ್ಜಾಪುರದ ಆಚೆ ಹಾಳು ಕೋಟೆಗೋಡೆಯ ಪಕ್ಕ, ನಮ್ಮ ಬಡಾವಣೆಯ ಹೊಸ ಗೇಟಿನ ಒಳಗೆ ನಾನು ನಿಂತಿದ್ದೆ. ಹೊರಗೆ, ಹಳೇ ಚರ್ಚಿಗೆ ಬರಿಗಾಲಲ್ಲಿ ಹೊರಟ ಹತ್ತು ಹನ್ನೆರಡು ಯಾತ್ರಿಕರಿದ್ದರು.

“ರೆಸಿಡೆಂಟ್ಸ್ ಮಾತ್ರ ಅಜ್ಜಿ, ಮೇನ್ ರೋಡಲ್ಲಿ ಸುತ್ಕೊಂಡು ಹೋಗಿ,” ಎಂದ ಕಾವಲುಗಾರ ಬಸಣ್ಣ.

ಮುಂದಿದ್ದ ಮರಿಯಮ್ಮ, “ನಮ್ಮವ್ವ ನನ್ನನ್ನ ಸೊಂಟದ ಮ್ಯಾಲೆ ಕೂರಿಸ್ಕಂಡು ಇದೇ ದಾರೀಲಿ ಓಗ್ತಿದ್ಲು ಕಣಪ್ಪ. ನಿನ್ನ ಗೇಟಿಗೆ ಎಷ್ಟು ವರ್ಸ?” ಎಂದು ಅಲ್ಲೇ ಕೂತು ಜಪಮಣಿ ತೆಗೆದರು. ಉಳಿದವರೂ ಕೂತರು. ಹಿಂದೆ ನಿಂತ ಕಾರುಗಳು ಹಾರ್ನ್ ಹೊಡೆದವು, ಜಪ ನಿಲ್ಲಲಿಲ್ಲ.

ಗೇಟ್ ಬೇಕೆಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನಾನೇ ಅಗುಳಿ ತೆಗೆದೆ.

ಅಲ್ಲಿ ದಾರಿಯೇ ಇರಲಿಲ್ಲ ಎಂದು ನಮ್ಮ ಬಡಾವಣೆಯ ನಿವಾಸಿಗಳ ಸಂಘ ಈಗ ವಾದಿಸುತ್ತಿದೆ. ಇತ್ತು. ಆ ಯಾತ್ರಿಕರು ಅದರಲ್ಲಿ ನಡೆದುಹೋದದ್ದನ್ನು ನಾನು ನೋಡಿದೆ. ಬಸಣ್ಣ ನೋಡಿದ್ದಾನೆ. ಮರಿಯಮ್ಮ ಇನ್ನೂ ಬದುಕಿದ್ದಾರೆ.