ಎಲೆ ಬಿಟ್ಟೇಳದ ಅತಿಥಿ

"ಮೇಷ್ಟ್ರೇ, ನಾ ಬಂದಾಗ್ಲಿಂದ ಈವಮ್ಮ ತಿಂತಾನೇ ಅವ್ರೆ. ನಾ ಯಾವಾಗ ಕುಂತ್ಕಳದು?"

ಕಿಕ್ಕೇರಿಯ ಮದುವೆ ಛತ್ರದಲ್ಲಿ ಬೆಳಗಿನ ತಿಂಡಿಯ ಹೊತ್ತು. ಸಂತೆಬಾಚಹಳ್ಳಿಯಿಂದ ಬಂದಿದ್ದ ಅಜ್ಜ ಒಬ್ಬರು ಹೀಗೆ ಕೇಳುತ್ತ ನೋರಾಳ ಕುರ್ಚಿ ಹಿಡಿದು ನಿಂತಿದ್ದರು. ಮದುಮಗಳು ನನ್ನ ತಂಗಿಯ ಮಗಳು, ಐರ್ಲೆಂಡಿನಲ್ಲಿ ನರ್ಸು. ಅವಳ ಜೊತೆ ಕೆಲಸ ಮಾಡುವ ನೋರಾ ಧಾರೆ ನೋಡಲೆಂದೇ ಅಷ್ಟು ದೂರದಿಂದ ಬಂದಿದ್ದಳು. ಮಹಡಿಯಲ್ಲಿ ಧಾರೆಗೆ ಹೊತ್ತಾಗಿತ್ತು. "ನೋರಾ ಎಲ್ಲಿ ಮಾವ? ಕರ್ಕೊಂಡು ಬಾ" ಎಂದು ಮದುಮಗಳು ನನ್ನನ್ನು ಅಟ್ಟಿದ್ದಳು. ಇಲ್ಲಿ ನೋಡಿದರೆ ಇವಳು ಬೆವರು ಒರೆಸಿಕೊಳ್ಳುತ್ತ ಮತ್ತೆ ಕೇಸರಿಬಾತು ಹಾಕಿಸಿಕೊಳ್ಳುತ್ತಿದ್ದಾಳೆ!

ಏಳಮ್ಮ ಎಂದು ಇಂಗ್ಲಿಷಿನಲ್ಲಿ ಅವಸರಪಡಿಸಿದೆ.

"ಸಾಲಿನವರೆಲ್ಲ ಮುಗಿಸುವ ತನಕ ಏಳಬಾರದು ಅಂತ ನೀವೇ ಹೇಳಿದ್ದಿರಲ್ಲ? ಇವರು ಮುಗಿಸುತ್ತಲೇ ಇಲ್ಲ" ಎಂದಳು ಅಳುಮುಖ ಮಾಡಿಕೊಂಡು.

ಹಿಂದಿನ ಸಂಜೆ ಮದುವೆಮನೆಯ ನಡವಳಿಕೆಯನ್ನೆಲ್ಲ ಅವಳಿಗೆ ಬೋಧಿಸಿದ್ದವನು ನಾನೇ. ಒಬ್ಬರು ಎದ್ದ ಕೂಡಲೇ ಹಿಂದೆ ಕಾದು ನಿಂತವರು ಆ ಕುರ್ಚಿಯಲ್ಲಿ ಕೂತುಬಿಡುತ್ತಾರೆ, ಈಗಿನ ಸಾಲು ಮುಗಿಯುವುದೇ ಇಲ್ಲ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಕೈಹಿಡಿದು ಎಬ್ಬಿಸಿಕೊಂಡು ಮೆಟ್ಟಿಲು ಹತ್ತಿದೆ. ಏದುಸಿರು ಬಿಡುತ್ತ ಬಂದ ಗೆಳತಿಯನ್ನು ಕಂಡು ಮದುಮಗಳ ಮುಖ ಅರಳಿತು. ಎಲ್ಲರೊಡನೆ ನೋರಾ ಕೂಡ ಧಾರೆಯ ಹಾಲು ಎರೆದಳು.

ನಾವೆಲ್ಲ ಕೈಬಿಟ್ಟು ಎಷ್ಟೋ ಕಾಲವಾದ ಮರ್ಯಾದೆಯೊಂದನ್ನು ಆ ದಿನ ಇಡೀ ಛತ್ರದಲ್ಲಿ ಪಾಲಿಸಿದವಳು ಅವಳೊಬ್ಬಳೇ. ಉಪದೇಶ ಮಾಡಿದ್ದ ನಾನಂತೂ ಮಧ್ಯಾಹ್ನ ಪಕ್ಕದವರ ಎಲೆಗೆ ಮಜ್ಜಿಗೆ ಬೀಳುವ ಮೊದಲೇ ಎದ್ದು ಕೈ ತೊಳೆದಿದ್ದೆ.